ಕೆರೆಯ ಕಾಡುಬೆಕ್ಕಿಗೆ ಆಯುಧಪೂಜೆ

ವನ್ಯಜೀವಿಗಳ ಅಧ್ಯಯನ ಮಾಡುತ್ತೇನೆಂದರೆ ನೆಂಟರೆಲ್ಲ ಜೀಪು, ಹುಲಿ, ದಟ್ಟ ಕಾಡು ಎಂದು ಕಣ್ಣರಳಿಸುತ್ತಾರೆ. ನಾನೋ, ಹಲಸೂರಿನ ಮನೆಯಿಂದ ಬಸ್ಸು ಹತ್ತಿ ರಾಮಮೂರ್ತಿ ನಗರದಾಚೆಯ ಕೆರೆಗೆ ಹೋಗಿ, ಜೊಂಡಿನ ನಡುವೆ ಮಂಡಿಯೂರಿ ಹಿಕ್ಕೆ ಹುಡುಕುವವಳು. ಅದರ ಖುಷಿ ಹೇಳತೀರದು. ಒಂದು ಸಂಜೆ ಜೊಂಡಿನಿಂದ ಕಾಡುಬೆಕ್ಕೊಂದು ತಲೆ ಹೊರಹಾಕಿ ನನ್ನನ್ನು ದುರುಗುಟ್ಟಿ ನೋಡಿತು. ಆ ಸುದ್ದಿಯನ್ನು ಬಸ್ಸಿನ ಕಂಡಕ್ಟರಿಗೂ ಹೇಳಿಬಿಟ್ಟೆ.

ಆದರೆ ಕೆರೆ ಸಮಿತಿಯವರು ಆ ಜೊಂಡನ್ನೆಲ್ಲ ಕಿತ್ತು ವಾಕಿಂಗ್ ದಾರಿ ಮಾಡಲು ಹೊರಟಿದ್ದರು. ಸಮಿತಿಯ ಯಜಮಾನರದು ಅಲ್ಲಿನ ಹಳೆಯ ಬೇಸಾಯದ ಮನೆತನ. ಈಗ ಸಾಲು ಬಾಡಿಗೆ ಮನೆಗಳು, ಒಂದು ಜೆಸಿಬಿ. "ಬೆಕ್ಕಿದ್ರೆ ಫೋಟೋ ತೋರ್ಸಮ್ಮ, ಜೊಂಡು ಬಿಟ್ಬಿಡ್ತೀವಿ. ಹಬ್ಬ ಆದ್ಮೇಲೆ ಭಾನುವಾರ ಮೀಟಿಂಗು" ಎಂದರು.

ಎದುರಿಗೆ ಪ್ರಾಣಿ ಸುಳಿದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಮನೆಗೆ ತಂದಿಟ್ಟೆ. ಮರುದಿನ ಆಯುಧಪೂಜೆ. ಅಪ್ಪನ ಸ್ಪ್ಯಾನರು, ಮಿಕ್ಸಿ, ಈಳಿಗೆಮಣೆಗಳ ಸಾಲಿನಲ್ಲಿ ಅಮ್ಮ ಅವನ್ನೂ ಕೂರಿಸಿ, ಕೊಬ್ಬರಿ ಎಣ್ಣೆಯಲ್ಲಿ ಒರೆಸಿ, ಸರಿಯಾಗಿ ಲೆನ್ಸಿನ ಮೇಲೇ ಕುಂಕುಮ ಇಟ್ಟಿದ್ದಳು. ನಾನು ಆತುರದಲ್ಲಿ ದುಪಟ್ಟಾದಿಂದ ಉಜ್ಜಿಕೊಂಡು ಕೆರೆಗೆ ಓಡಿದೆ.

ಬಂದ ಚಿತ್ರಗಳಲ್ಲೆಲ್ಲ ಕೆಂಪು ಮಂಜು! ಅದರೊಳಗೆ ನಾಲ್ಕು ಕಾಲಿನದೇನೋ ಒಂದು.

ಸಭೆಯಲ್ಲಿ ಯಜಮಾನರು ಕಣ್ಣು ಕಿರಿದು ಮಾಡಿ, "ಇದು ನಮ್ಮನೆ ನಾಯೀನೂ ಆಗ್ಬೋದಲ್ಲಮ್ಮ?" ಎಂದರು. ಇಷ್ಟು ವರ್ಷ ಓದಿ, ಕೊಬ್ಬರಿ ಎಣ್ಣೆಯಿಂದ ಒಂದು ಬೆಕ್ಕಿನ ಮನೆ ಹೋಗುವುದೇ ಎಂದು ಅಳು ಬಂತು.

ತನ್ನಿಂದಲೇ ಚಿತ್ರ ಕೆಟ್ಟಿತೆಂದು ಸಮಾಧಾನವಾಗದೆ ನನ್ನ ಜೊತೆಗೇ ಬಂದಿದ್ದ ಅಮ್ಮ ಎದ್ದು ನಿಂತಳು. "ಬೆಕ್ಕಿಂದೇನೂ ತಪ್ಪಿಲ್ಲ ಯಜಮಾನ್ರೆ. ಕ್ಯಾಮೆರಾ ಕಣ್ಣಿಗೇ ಕುಂಕುಮ ಇಟ್ಟು ಪೂಜೆ ಮಾಡಿದ್ದು ನಾನು. ನೀವು ನಿಮ್ ಜೆಸಿಬಿಗೆ ಮಾಡ್ಲಿಲ್ವಾ?"

ಎಲ್ಲರೂ ಹೊರಗೆ ನೋಡಿದೆವು. ಜೆಸಿಬಿಯ ಗಾಜಿನ ತುಂಬ ಅರಿಶಿನ ಕುಂಕುಮ. ಡ್ರೈವರಿಗೆ ದಾರಿ ಕಾಣಲು ಅಂಗೈಯಗಲ ಜಾಗ ಉಳಿದಿತ್ತು. ಯಜಮಾನರು ಹೊಟ್ಟೆ ಕುಣಿಸಿಕೊಂಡು ನಕ್ಕರು. "ಇನ್ನೊಂದು ವಾರ ತಗೊಳಮ್ಮ."

ಈ ಸಲ ಕ್ಯಾಮೆರಾ ಅಮ್ಮನ ಕಣ್ಣಿಗೇ ಬೀಳದಂತೆ ನೋಡಿಕೊಂಡೆ. ಮುಂದಿನ ಭಾನುವಾರ ಪರದೆಯ ಮೇಲೆ ಅವಳು, ನನ್ನ ಕಾಡುಬೆಕ್ಕು, ಬಂದಳು: ಕಿವಿಯ ತುದಿಯಲ್ಲಿ ಕಪ್ಪು ಕೂದಲು, ಬಾಲಕ್ಕೆ ಪಟ್ಟೆ, ಹಿಂದೆ ಒಂದರ ಮೇಲೊಂದು ಬೀಳುತ್ತ ಮರಿಗಳು.

ಯಜಮಾನರು ಬಹಳ ಹೊತ್ತು ನೋಡಿದರು. "ಮರಿ ಹಾಕ್ಕೊಂಡು ಕೂತಿರೋಳಿಗೆ ಮನೆ ಖಾಲಿ ಮಾಡು ಅನ್ನೋಕಾಗುತ್ತಾ? ದಾರಿ ಆ ಕಡೆಯಿಂದ ಹೋಗ್ಲಿ ಬಿಡ್ರಪ್ಪ."

ನಾನು ಅಮ್ಮನನ್ನು ಎತ್ತಿ, ಅಲ್ಲೇ, ಅಷ್ಟೂ ಜನರ ಮುಂದೆ, ಗಿರಗಿರನೆ ತಿರುಗಿಸಿಬಿಟ್ಟೆ.