ವಾಚನಾಲಯದ ಗೋಡೆಯ ಮೇಲಿನ ಮುತ್ತಜ್ಜ

ಯಲ್ಲಾಪುರದಿಂದ ಶಿರಸಿಗೆ ಹೊರಟ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿಲ್ಕುಂದದ ಕಡೆಯ ಒಂದು ಹಳ್ಳಿಯ ವಾಚನಾಲಯದಲ್ಲಿ ನನ್ನ ಮುತ್ತಜ್ಜನ ತೈಲಚಿತ್ರವಿತ್ತು. ಕರನಿರಾಕರಣೆಯ ಕಾಲದಲ್ಲಿ ಅವರು ಆ ಊರಿನ ಪಟೇಲರು. ಬ್ರಿಟಿಷ್ ಸರ್ಕಾರದ ಪರ ನಿಂತು, ಕರ ಕೊಡದವರ ಮನೆಗಳನ್ನು ಜಪ್ತಿಗೆ ತೋರಿಸಿಕೊಟ್ಟವರು. ಮೆಚ್ಚಿದ ಅಧಿಕಾರಿಗಳು ಚಿತ್ರ ಬರೆಸಿ ತೂಗುಹಾಕಿಸಿದ್ದರು. ಈಗ ಕಟ್ಟಡದ ದುರಸ್ತಿ ನಡೆದಿತ್ತು, ಬೇಕಾದರೆ ಒಯ್ಯಿರಿ ಎಂದು ಊರಿನವರು ಹೇಳಿಕಳಿಸಿದ್ದರು. ಸದ್ದಿಲ್ಲದೆ ತಂದು ಅಟ್ಟಕ್ಕೆ ಸೇರಿಸಬೇಕೆಂದುಕೊಂಡಿದ್ದೆ.

ಜೊತೆಗೆ ಇತಿಹಾಸ ಕಲಿಸುವ ಗೆಳತಿ ಸುಮಿತ್ರಾ ಇದ್ದಳು. ಶಿರಸಿಯಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯುತ್ತ ಬನ್ಸ್ ತಿನ್ನುತ್ತಿದ್ದೆವು. ಅವಳು ಮೊಬೈಲಿನಲ್ಲಿ ಗಂಡ, ಹೆಂಡತಿ, ಮಕ್ಕಳಿದ್ದ ಕಂಚಿನ ಪ್ರತಿಮೆಯೊಂದನ್ನು ತೋರಿಸಿದಳು.

"ಅಮೆರಿಕದ ವಸಾಹತುಗಳು ದಂಗೆ ಎದ್ದಾಗ ಬ್ರಿಟಿಷ್ ರಾಜನ ಕಡೆ ನಿಂತವ್ರು. ಸೋತು, ಮನೆಮಠ ಬಿಟ್ಟು ಕೆನಡಾಕ್ಕೆ ಹೋದವ್ರು. ಅಲ್ಲಿ ಅವ್ರಿಗೆ ಪ್ರತಿಮೆ ಇದ್ದು ನೋಡು."

"ನಮ್ಮ ಮುತ್ತಜ್ಜ ಎಲ್ಲಿಗೂ ಓಡಿದ್ನಿಲ್ಲೆ," ಎಂದೆ. "ಇದ್ದಲ್ಲೇ ಮೆರದ."

ನನ್ನ ಅರ್ಧ ಬನ್ಸ್ ಎಲೆಯಲ್ಲೇ ಉಳಿಯಿತು.

ಸಿದ್ದಾಪುರ ದಾಟಿದ ಮೇಲೆ ಕಾಡು, ತಿರುವು, ಬಿಸಿಲು. ಹಳ್ಳಿಯಲ್ಲಿ ವಾಚನಾಲಯದ ಬೀಗ ತೆಗೆದವರು ಅದನ್ನು ನೋಡಿಕೊಳ್ಳುವ ಗಂಗಮ್ಮ. ಹೊಸ ಸುಣ್ಣದ ಗೋಡೆಯ ಮೇಲೆ ಜರಿ ಪೇಟದ ಮುತ್ತಜ್ಜ. ಮೂಗು ನನ್ನದೇ.

"ನಮ್ಮಜ್ಜಿ ಮನೆ ಹಂಡೆ, ಎಮ್ಮೆ ಎಲ್ಲಾ ಎಳ್ಕಂಡು ಹೋದ್ರಂತೆ," ಎಂದರು ಗಂಗಮ್ಮ. "ಇವ್ರೇ ನಿಂತು ತೋರ್ಸಿದ್ದಂತೆ."

"ಅದ್ಕೇ ಒಯ್ಯೂಕೆ ಬಂದೆ."

"ಒಯ್ದ್ರೆ ಗೋಡೆ ಖಾಲಿ. ಆಮೇಲೆ ಯಾರು ಕೇಳ್ತಾರೆ, ಯಾರು ಹೇಳ್ತಾರೆ? ಇಲ್ಲೇ ಇರ್ಲಿ. ಏನು ಮಾಡಿದ್ರು ಅಂತ ಕೆಳಗೆ ಬರೀರಿ. ನೀವೇ ಬರೀಬೇಕು."

ನಾನು ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಕೊನೆಗೆ ಕೆಲಸದವರು ಬಿಟ್ಟಿದ್ದ ಬಣ್ಣದಲ್ಲಿ ಕುಂಚ ಅದ್ದಿ, ಚಿತ್ರದ ಕೆಳಗೆ ಗೋಡೆಯ ಮೇಲೆ ಮುತ್ತಜ್ಜನ ಹೆಸರು ಬರೆದೆ. ಅದರಡಿ, 'ಸರ್ಕಾರದ ಪರ ನಿಂತರು. ಜಪ್ತಿಗೆ ಮನೆ ತೋರಿಸಿದರು' ಎಂದು ಬರೆದು ಗಟ್ಟಿಯಾಗಿ ಓದಿದೆ.

"ಯಾರ ಮನೆ?" ಎಂದರು ಗಂಗಮ್ಮ.

"ನಿಮ್ಮಜ್ಜಿ ಹೆಸ್ರು?"

"ದ್ಯಾವಮ್ಮ."

ಆ ಹೆಸರನ್ನೂ ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಗಂಗಮ್ಮ ತುಂಬ ಹೊತ್ತು ಅದನ್ನೇ ನೋಡಿದರು.

ಮರಳುವ ಬಸ್ಸಿನ ಬಾಗಿಲಿನಿಂದ ತಿರುಗಿ ನೋಡಿದೆ. ವಾಚನಾಲಯದೊಳಗೆ ಇಬ್ಬರು ಗೋಡೆಗೆ ಮುಖ ಮಾಡಿ ನಿಂತು ಓದುತ್ತಿದ್ದರು. ಏನಂದುಕೊಂಡರೋ, ಮುಖ ಕಾಣಲಿಲ್ಲ. ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿಯಿದ್ದವು. ಸಿದ್ದಾಪುರದವರೆಗೂ ನಾನು ನಿಂತೇ ಬಂದೆ.