ಕಲೆಯಿಲ್ಲದ ಮೈ

ಅಂಕೋಲಾ ಪೇಟೆಯಲ್ಲಿ ಬಸಳೆ, ಮೂಲಂಗಿ ಮಾರುವ ಮಂಜಿ ನಮ್ಮ ಪಕ್ಕದ ಮನೆಯವಳು. ಗಂಡ ಜಟ್ಟು ಕಾರವಾರದ ಬೈತಖೋಲ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದು ಶನಿವಾರಕ್ಕೊಮ್ಮೆ ಬರುತ್ತಿದ್ದ. ಒಬ್ಬಳೇ ಮಗಳು ಸಂಧ್ಯಾ, ನಾನು ಕಲಿಸುವ ಶಾಲೆಯಲ್ಲೇ ಓದುತ್ತಿದ್ದಳು.

ಆ ಹುಡುಗಿಯ ಕೈ ಹಿಡಿದು ಎಳೆದರೂ ಸಾಕು, ಬೆರಳಿನ ಗುರುತು ನೀಲಿಗಟ್ಟುತ್ತಿತ್ತು. ಮೂಗಿನಲ್ಲಿ ರಕ್ತ ಶುರುವಾದರೆ ನಿಲ್ಲುತ್ತಿರಲಿಲ್ಲ. ಮಂಜಿ ಮಗಳಿಗೆ ಹೊಡೆಯುತ್ತಾಳೆಂದು ಊರಲ್ಲಿ ಗುಸುಗುಸು. ಹಾಗೆ ಅಂದವರಿಗೆ ನಾಚಿಕೆಯಾಗಬೇಕು! ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆ ಅದು. ಹೊಡೆಯುವುದಿರಲಿ, ಮಂಜಿ ಮಗಳನ್ನು ಗಟ್ಟಿಯಾಗಿ ಅಪ್ಪಿಕೊಂಡವಳೂ ಅಲ್ಲ. ದಿನಾ ಸಂಜೆ ಬೆಳಕಿರುವಾಗಲೇ ಬಚ್ಚಲ ಕಲ್ಲಿನ ಮೇಲೆ ನಿಲ್ಲಿಸಿ, ಮೀಯಿಸುತ್ತ ಮೈಯೆಲ್ಲ ಹುಡುಕುತ್ತಿದ್ದಳು. ಹೊಸ ಕಲೆ ಕಂಡರೆ ಆಸ್ಪತ್ರೆ, ಕಾಣದಿದ್ದರೆ ಆ ದಿನ ನಿರಾಳ.

ವರ್ಷಗಟ್ಟಲೆ ಗುಳಿಗೆ ನುಂಗಿ ಮುಖ ಊದಿತೇ ಹೊರತು ರೋಗ ಹೋಗಲಿಲ್ಲ. ೨೦೦೬ರಲ್ಲಿ ದೂರದ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯ ಎಡಬದಿಯ ಗುಲ್ಮ ಎಂಬ ಅಂಗವನ್ನೇ ತೆಗೆದರು. ಪ್ಲೇಟ್‌ಲೆಟ್‌ಗಳನ್ನು ತಿಂದುಹಾಕುತ್ತಿದ್ದದ್ದು ಅದೇ ಅಂತೆ. ಮನೆಗೆ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದ್ದರು: “ಗುಲ್ಮ ಇಲ್ಲದವರಿಗೆ ಸೋಂಕು ಬೇಗ ಏರುತ್ತದೆ. ಜ್ವರ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.”

ಕಲೆಗಳು ನಿಂತವು. ಸಂಧ್ಯಾ ಗೇರುಮರ ಹತ್ತಿದಳು, ಬಿದ್ದಳು, ಮತ್ತೆ ಹತ್ತಿದಳು. ಒಂದು ದಿನ ಮಂಜಿ ಅವಳನ್ನು ಬಾಚಿ ಎದೆಗೊತ್ತಿಕೊಂಡದ್ದನ್ನು ಬೇಲಿಯಾಚೆಯಿಂದ ಕಂಡು ನನಗೇ ಅಳು ಬಂತು.

ಮರುವರ್ಷ, ನಾನು ತರಬೇತಿಗೆಂದು ಕಾರವಾರಕ್ಕೆ ಹೋಗಿದ್ದ ಶುಕ್ರವಾರ ಮಧ್ಯಾಹ್ನ, ಸಂಧ್ಯಾಗೆ ಜ್ವರ ಬಂತು. ಮಂಜಿ ಡಾಕ್ಟರ ಮಾತು ಮರೆತಿರಲಿಲ್ಲ. ಆದರೆ ಅವಳು ಬಲ್ಲ ಅಪಾಯ ಒಂದೇ, ಅದು ಬಂದಾಗಲೆಲ್ಲ ಮೈಮೇಲೆ ಕಾಣಿಸುತ್ತಿತ್ತು. ಮಗಳ ಅಂಗಿ ಬಿಚ್ಚಿ, ಬೆಳಕಿಗೆ ತಿರುಗಿಸಿ ನೋಡಿದಳು.

“ಎಂಥದೂ ಇಲ್ಲ ಮಗಾ, ಮೈ ಚೊಕ್ಕ ಅದೆ. ನಾಳೆ ಅಪ್ಪ ಬಂದ್ಮೇಲೆ ಹೋಗ್ವ.”

ಬೆಳಗಾಗುವಷ್ಟರಲ್ಲಿ ಹುಡುಗಿಗೆ ಮಾತು ನಿಂತಿತ್ತು. ರಿಕ್ಷಾ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಮಂಜಿಯದೇ ತಪ್ಪು ಅಂದವರೂ ಇದ್ದಾರೆ. ಅವರ ಮೇಲೆ ನನಗೆ ಇಂದಿಗೂ ಸಿಟ್ಟು.

ಮಣ್ಣಿಗೆ ಒಯ್ಯುವ ಮೊದಲು ಮಂಜಿಯೇ ಮೀಯಿಸಿದಳು, ಅದೇ ಬಚ್ಚಲ ಕಲ್ಲಿನ ಮೇಲೆ. ತೋಳೆತ್ತಿ ನೋಡಿದಳು, ಬೆನ್ನು ತಿರುಗಿಸಿ ನೋಡಿದಳು, ಮೊಣಕಾಲ ಹಿಂದೆ ಹುಡುಕಿದಳು. ಆಮೇಲೆ, ಸುದ್ದಿ ತಿಳಿದು ಕಾರವಾರದಿಂದ ಓಡಿ ಬಂದಿದ್ದ ನನ್ನನ್ನು ಹತ್ತಿರ ಕರೆದಳು.

“ಅಕ್ಕೋರೆ, ನೀವೂ ಒಂಚೂರು ನೋಡಿ. ಎಲ್ಲಾದ್ರೂ ಕಲೆ ಅದ್ಯಾ?”

ನೋಡಿದೆ. ಎಲ್ಲೂ ಇರಲಿಲ್ಲ.