ಮೂರು ವಾರದ ರಿಪೇರಿ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಯಲ್ಲಿ ಮಿಲ್ಲು ನಿಲ್ಲಬಾರದು. ಏನೇ ಕೆಟ್ಟರೂ ಅಲ್ಲಲ್ಲೇ ರಿಪೇರಿ ಮಾಡಿ ಓಡಿಸಬೇಕು. ಪೂರ್ತಿ ಬಿಚ್ಚಿ, ತೊಳೆದು, ಕೂಡಿಸುವ ಕೆಲಸವೆಲ್ಲ ಹಂಗಾಮು ಮುಗಿದ ಮೇಲೆ. ಇಪ್ಪತ್ತಾರು ವರ್ಷ ಫಿಟರ್ ಆಗಿ ಇದನ್ನೇ ಮಾಡಿಕೊಂಡು ಬಂದವನು ನಾನು. ಹೆಂಡತಿಯ ಹೃದಯಕ್ಕೂ ಅದೇ ಲೆಕ್ಕ ಹಾಕಿದೆ. ಆ ತಪ್ಪನ್ನು ಬರೆಯಲು ಕೂತಿದ್ದೇನೆ. ನಿಜ ಹೇಳಬೇಕೆಂದರೆ ಬರೆಯಲೂ ಬೇಸರ.

ಹೋದ ದೀಪಾವಳಿ ಆದ ಮೇಲೆ ಅವಳು ಮೇವಿನ ಹೊರೆ ಹೊತ್ತು ಬರುವಾಗ ಅರ್ಧ ದಾರಿಯಲ್ಲಿ ಕೂರತೊಡಗಿದಳು. "ದಮ್ಮ ಹತ್ತತೈತ್ರಿ" ಅನ್ನುತ್ತಿದ್ದಳು. "ವಯಸ್ಸಾತು, ಮತ್ತೇನ" ಎಂದು ನಾನು ಚಹಾ ಕುಡಿಯುತ್ತಿದ್ದೆ. ಮನೆಯಲ್ಲಿ ನಾಲ್ಕು ಎಮ್ಮೆ. ಸಗಣಿ ಬಳಿಯುವುದು, ಮೇವು ತರುವುದು, ಎರಡು ಹೊತ್ತು ಹಾಲು ಹಿಂಡಿ ಡೇರಿಗೆ ಹಾಕುವುದು, ಎಲ್ಲ ಅವಳದೇ. ಕಾಲು ಬಾತುಕೊಂಡ ಮೇಲೆ ಕಾಗವಾಡದಿಂದ ಬಸ್ಸು ಹಿಡಿದು ಮಿರಜಿಗೆ ಕರೆದೊಯ್ದೆ. ಹೃದಯದ ಒಂದು ವಾಲ್ವಿನ ಎಸಳನ್ನು ಹಿಡಿದಿಟ್ಟ ದಾರದಂಥ ಎಳೆ ಹರಿದಿದೆ, ಪ್ರತಿ ಬಡಿತಕ್ಕೂ ರಕ್ತ ಹಿಂದಕ್ಕೆ ಸೋರುತ್ತಿದೆ, ಬಿಟ್ಟರೆ ಉಳಿಗಾಲವಿಲ್ಲ ಎಂದರು ಡಾಕ್ಟರು.

ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕಾಗದದ ಮೇಲೆ ಗೆರೆ ಎಳೆದು ದಾರಿಗಳನ್ನು ವಿವರಿಸಿದರು. ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಸೀಳಿ ಮಾಡುವುದು ಹಳೆಯದು. ಬಲ ಎದೆಯ ಕೆಳಗೆ, ಎರಡು ಪಕ್ಕೆಲುಬುಗಳ ನಡುವೆ ನಾಲ್ಕು ಬೆರಳಿನಷ್ಟು ಕೊಯ್ದು, ಕ್ಯಾಮೆರಾ ಇಳಿಸಿ, ಉದ್ದನೆಯ ಸಲಕರಣೆಗಳಿಂದ ಹೊಲಿಯುವುದು ಹೊಸದು. ದೊಡ್ಡ ಊರುಗಳಲ್ಲಿ ಅದನ್ನೇ ರೋಬೋಟಿನ ಕೈಯಿಂದ ಮಾಡುತ್ತಾರಂತೆ. ಎದೆಯನ್ನು ಮುಟ್ಟದೆ, ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕ್ಲಿಪ್ ಒಯ್ದು ಎಸಳುಗಳನ್ನು ಹಿಡಿದು ಕೂಡಿಸುವುದೂ ಉಂಟು. ಆದರೆ ಅದು ಹೆಚ್ಚಾಗಿ ಆಪರೇಷನ್ ತಾಳಲಾರದ ಮುದುಕರಿಗೆ, ಸ್ವಲ್ಪ ಸೋರಿಕೆ ಉಳಿದರೂ ಉಳಿಯಬಹುದು, ನಿಮ್ಮವರಿಗೆ ಹೊಲಿಗೆಯೇ ಗಟ್ಟಿ ಎಂದರು. ನಡುವಿನಿಂದ ಹೋದರೂ ಪಕ್ಕದಿಂದ ಹೋದರೂ ಒಳಗೆ ಆಗುವ ರಿಪೇರಿ ಒಂದೇ. ಇವರಿಗೆ ಎರಡೂ ನಡೆಯುತ್ತವೆ ಎಂದರು.

ಅವಳು ಕೇಳಿದ್ದು ಒಂದೇ ಮಾತು. "ಭಾರ ಎತ್ತೂದು ಯಾವಾಗ್ರಿ, ಸಾಹೇಬ್ರ?"

"ನಡುವ ಕೊಯ್ದ್ರ ಎಲುಬ ಕೂಡಬೇಕಲ್ಲ, ಮೂರು ತಿಂಗಳ. ಪಕ್ಕದಾಗ ಆದ್ರ ಮೂರು ವಾರ. ಕಾಳಜಿ ಕರೂ ನಕಾ, ಚಿಂತಿ ಮಾಡಬ್ಯಾಡ್ರಿ."

"ಪಕ್ಕದ್ದ ಮಾಡ್ರಿ!" ಎಂದೆ. ಕಡಿಮೆ ದಿನ ನಿಲ್ಲಿಸುವ ರಿಪೇರಿಯೇ ಒಳ್ಳೆಯ ರಿಪೇರಿ, ನನಗೆ ಗೊತ್ತಿದ್ದದ್ದು ಅಷ್ಟೇ. ಪಾಪ, ಕೆಲಸ ನೆನೆಸಿಕೊಂಡು ಒದ್ದಾಡುತ್ತಿದ್ದಾಳೆ ಎಂದುಕೊಂಡೆ. ಅವಳ ಮುಖ ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು, "ಮೂರು ತಿಂಗಳದ್ದ ಮಾಡ್ಸಿದ್ರ ಏನಾಗ್ತೈತ್ರಿ?"

"ತಲಿ ಗಿಲಿ ಕೆಟ್ಟೈತೇನ ನಿಂದು? ಸುಮ್ಮಸುಮ್ಮನ ಎಲುಬ ಸೀಳಸ್ಕೊಳ್ಳಾಕ ಹೊಂಟಾಳ" ಎಂದು ಗದರಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಆಪರೇಷನ್ ಚೆನ್ನಾಗಿ ಆಯಿತು. ಎಮ್ಮೆ ನೋಡಿಕೊಳ್ಳಲು ರಾಯಬಾಗದಿಂದ ನನ್ನ ಅಕ್ಕ ಬಂದಿದ್ದಳು. ಮಾತಾಡಿಸಲು ಬಂದವರು ಬಿಸ್ಕೀಟಿನ ಪುಡಿಕೆ ಹಾಸಿಗೆಯ ಪಕ್ಕ ಇಟ್ಟು, "ಎಲ್ಲಿ ಕೊಯ್ದಾರ ನೋಡೂಣು" ಅನ್ನುತ್ತಿದ್ದರು. ನಮ್ಮ ಕಡೆ ಗಾಯ ಕಣ್ಣಾರೆ ನೋಡಿದರೇನೇ ಜನಕ್ಕೆ ನಂಬಿಕೆ. ಅವಳ ಗಾಯ ನಾಲ್ಕು ಮಂದಿಗೆ ತೋರಿಸುವ ಜಾಗದಲ್ಲಿರಲಿಲ್ಲ. ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದಳು. ನಾನೇ ಮುಂದೆ ಬಿದ್ದು ಬೆರಳು ಜೋಡಿಸಿ ತೋರಿಸಿ, "ಇಷ್ಟ, ಬರೇ ಇಷ್ಟ" ಎಂದು ಜಂಬ ಕೊಚ್ಚುತ್ತಿದ್ದೆ. ಹತ್ತನೆಯ ದಿನಕ್ಕೆ ಅಕ್ಕನ ಬಾಯಿಂದಲೂ ಬಂತು: "ಏನಾಗೇತಿ ಇಕೀಗೆ? ಗುಂಡುಕಲ್ಲಿನಂಗ ಅದಾಳ."

ಒಂದು ದಿನ ಮೊದಲ ಪಾಳಿ ಮುಗಿಸಿ ಬಂದಾಗ ಅವಳು ನಿದ್ದೆ ಹೋಗಿದ್ದಳು. ಹೊರಗೆ ಎಮ್ಮೆಗಳು ಒದರುತ್ತಿದ್ದವು, ಅಂಗಳದಲ್ಲಿ ಅಕ್ಕ ಬಕೀಟು ಕುಕ್ಕುತ್ತಿದ್ದಳು, ಇವಳಿಗೆ ಪರಿವೆಯೇ ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮನೆಯಲ್ಲಿ ಹಗಲು ಹೊತ್ತು ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಏನನ್ನಿಸಬೇಕಿತ್ತು? ಸಿಟ್ಟು ಬಂತು. ಹಾಳಾದ ಸಿಟ್ಟು. ಅಕ್ಕ ಊರಿಗೆ ಹೋದ ಮೇಲೆ ಹೇಗೆ ಎಂಬ ಚಿಂತೆ ನನ್ನದು.

ಮೂರು ವಾರ ತುಂಬಿದ ದಿನ ತಪಾಸಣೆಗೆ ಹೋದೆವು. ಪರದೆಯ ಮೇಲೆ ಹೃದಯ ನೋಡಿ ಡಾಕ್ಟರು ನಕ್ಕರು. "ಸೋರಿಕಿ ಇಲ್ಲ. ಹಗೂರ್ಕ ಎಲ್ಲಾ ಕೆಲಸ ಚಾಲೂ ಮಾಡ್ರಿ." ನನ್ನ ಎದೆ ಉಬ್ಬಿತು. ಕೈಮುಗಿದು ಎದ್ದು ನಿಂತೆ.

ಅವಳು ಏಳಲಿಲ್ಲ.

"ಸಾಹೇಬ್ರ, ಇನ್ನೂ ಎರಡು ತಿಂಗಳ ಭಾರ ಎತ್ತಬಾರದು ಅಂತ ಒಂದ ಚೀಟಿ ಬರದ ಕೊಡ್ರಿ."

"ಯಾಕ? ಎಲ್ಲೆರೆ ನೋಯಾಕತ್ತೈತೇನ?"

"ಇಲ್ರಿ. ದಣದೀನ್ರಿ."

ಡಾಕ್ಟರು ಪೆನ್ನು ತೆಗೆದರು. ಫ್ಯಾಕ್ಟರಿಗೋ ಆಫೀಸಿಗೋ ಕೊಡುವ ಕಾಗದವಿರಬೇಕು ಎಂದುಕೊಂಡರೇನೋ. "ಯಾರಿಗೆ ಬರೀಲಿ?" ಎಂದು ಕೇಳಿದರು.

ಅವಳು ನನ್ನ ಕಡೆ ನೋಡದೆ, ನನ್ನತ್ತ ಕೈ ಮಾಡಿ ಹೇಳಿದಳು.

"ಇವರಿಗ್ರಿ."